ಹೊಂಗೆಮರಕ್ಕೆ ನಾನು ಮುಂದಾಳಾದದ್ದು

ಜನರನ್ನು ಒಟ್ಟು ಸೇರಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಚೆನ್ನೈಯ ಅಣ್ಣಾ ನಗರದಲ್ಲಿ ಹೋಟೆಲು ನಡೆಸುತ್ತಲೇ ತಲೆ ನರೆತವನು ನಾನು. ನಮ್ಮ ಬೀದಿಯಲ್ಲಿ ಯಾರಿಗೆ ಇಡ್ಲಿ ಸಾಂಬಾರಿನಲ್ಲಿ ಮುಳುಗಿರಬೇಕು, ಯಾರಿಗೆ ಸಾಂಬಾರು ಬೇರೆ ಬಟ್ಟಲಲ್ಲೇ ಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ಇಂಥವನು ಕರೆದರೆ ಜನ ಬರದೆ ಇರುತ್ತಾರೆಯೇ?

ವಿಷಯ ಮಾತ್ರ ಗಂಭೀರವಾದದ್ದೇ. ಮಳೆನೀರಿನ ಚರಂಡಿ ಅಗಲ ಮಾಡಬೇಕು. ಅದಕ್ಕಾಗಿ ವಾರ್ಡಿನ ಬೀದಿಬದಿಯ ಮರಗಳನ್ನು ಕಡಿಯುವುದೋ, ಚರಂಡಿಯನ್ನೇ ಮರ ಬಳಸಿಕೊಂಡು ಒಯ್ಯುವುದೋ? ಭಾನುವಾರದ ಏರಿಯಾ ಸಭೆಯಲ್ಲಿ ನಿವಾಸಿಗಳನ್ನು ಕೇಳಿ ತೀರ್ಮಾನಿಸುವುದಾಗಿ ಕೌನ್ಸಿಲರಮ್ಮ ಹೇಳಿದ್ದರು. ಮೊದಲ ಸರದಿ ನಮ್ಮ ಹೋಟೆಲಿನ ಎದುರಿನ ಹೊಂಗೆಮರದ್ದು. ಅದರ ಬುಡದಲ್ಲಿ ಕೂತು ಸೆಲ್ವಿ ಹೂ ಮಾರುತ್ತಾಳೆ. ಇಲ್ಲಿನ ಬಿಸಿಲಿಗೆ ನೆರಳಿಲ್ಲದ ಮಲ್ಲಿಗೆ ಮಧ್ಯಾಹ್ನದೊಳಗೆ ಬಾಡಿಹೋಗುತ್ತದೆ. ಮರ ಹೋದರೆ ಅವಳ ಹೊಟ್ಟೆಪಾಡೂ ಹೋಯಿತು. "ನೀಂಗ ಪೇಸಿನಾ ಎಲ್ಲಾರುಂ ಕೇಪ್ಪಾಂಗ, ಅಣ್ಣಾ" ಎಂದಳು. ನಾನು ಮಾತಾಡಿದರೆ ಎಲ್ಲರೂ ಕೇಳುತ್ತಾರಂತೆ! ಮರದ ಜವಾಬ್ದಾರಿ ನನ್ನದು ಎಂದು ಅಲ್ಲೇ ಘೋಷಿಸಿಬಿಟ್ಟೆ.

ಗಲ್ಲಾದಲ್ಲಿ ಕೂತಿದ್ದ ನನ್ನ ಹೆಂಡತಿ ಸುಮತಿ ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

"ನಿಮ್ಮ ಬಾಯಲ್ಲಿ ಯಾವತ್ತಾದ್ರೂ 'ಆಗುದಿಲ್ಲ' ಅಂತ ಬಂದದ್ದುಂಟಾ? ನೀವು ಎಂತ ಹೋರಾಟ ಮಾಡುದು ಮಾರಾಯ್ರೆ?"

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಊರಿಂದ ಬಂದು ಮಾವನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದಾಗಲೇ ಕಲಿತ ಪಾಠ ಅದು. ಗಿರಾಕಿ ಏನೇ ಹೇಳಲಿ, 'ಸರಿಂಗ' ಅನ್ನಬೇಕು. ನಾವು 'ಆಯ್ತು ಸ್ವಾಮಿ' ಅನ್ನುತ್ತೇವಲ್ಲ, ಅದೇ. ಕಾಫಿ ಆರಿದೆ ಅಂದರೆ ಸರಿಂಗ. ಅದೇ ಕಾಫಿ ಸುಡುತ್ತಿದೆ ಅಂದರೂ ಸರಿಂಗ.

ಮನೆಮನೆಗೆ ಹೊರಟೆ. ಮೊದಲು ಸಿಕ್ಕಿದವರು ಬ್ಯಾಂಕಿನಿಂದ ನಿವೃತ್ತರಾದ ಶ್ರೀನಿವಾಸನ್. ಸಭೆಗೆ ಖಂಡಿತ ಬರುತ್ತೇನೆ ಎಂದರು. ಹಾಗೆಯೇ ಕೈಹಿಡಿದು ಕರೆದೊಯ್ದು, ಹಕ್ಕಿಗಳು ತಮ್ಮ ಹೊಸ ಕಾರಿಗೆ ಮಾಡಿದ ಗತಿ ತೋರಿಸಿ, ಇಂಥ ಮರ ಬೇಕೇ ಎಂದು ಕೇಳಿದರು. ದಿನಾ ಬರುವ ಗಿರಾಕಿಯ ಮನಸ್ಸು ನೋಯಿಸುವುದುಂಟೆ? ಸರಿಂಗ ಸಾರ್ ಎಂದೆ. ಎದುರುಮನೆಯ ಮಾಮಿಗೆ ಕಂಬಳಿಹುಳದ ಕಾಟ. ಸರಿಂಗ ಮಾಮಿ. ಮೇಲಿನ ಫ್ಲಾಟಿನವರ ಸೋಲಾರ್ ಪ್ಯಾನೆಲಿಗೆ ಮರದ ನೆರಳು ಬೀಳುತ್ತದಂತೆ. ಪರಿಸರಕ್ಕೆ ಪರಿಸರವೇ ಅಡ್ಡ! ಅವರಿಗೂ ಸರಿಂಗ. ಎಲ್ಲರೂ ನಗುನಗುತ್ತಾ ಬರುತ್ತೇವೆ ಎಂದರು. ಸಂಘಟನೆ ಇಷ್ಟು ಸುಲಭವೇ ಎಂದು ನನ್ನ ಬಗ್ಗೆ ನನಗೇ ಗೌರವ ಮೂಡಿತು.

ಸಭೆಗೆ ಬೇರೆ ಜಾಗ ಸಿಗಲಿಲ್ಲವೆಂದು ನಮ್ಮ ಹೋಟೆಲಿನ ಮಹಡಿಯ ಹಾಲನ್ನೇ ಕೇಳಿದರು. ಸರಿಂಗ ಎಂದೆ. ಅಲ್ಲೇ ನಾನು ಕೆಟ್ಟೆ. ನನ್ನ ಹೋಟೆಲಿನೊಳಗೆ ಕಾಲಿಟ್ಟವರೆಲ್ಲ ನನಗೆ ಗಿರಾಕಿಗಳೇ!

ಭಾನುವಾರ ಹಾಲ್ ತುಂಬಿತು. ಕೆಳಗೆ ಮರದ ಪಕ್ಕ ಗರಗಸದ ಲಾರಿ ಆಗಲೇ ಬಂದು ನಿಂತಿತ್ತು. ಶ್ರೀನಿವಾಸನ್ ಮೊದಲು ಎದ್ದರು. ಮರ ಹೋಗಲಿ, ರಾವ್ ಸಾರೇ ಒಪ್ಪಿದ್ದಾರೆ ಎಂದು ನನ್ನತ್ತ ಕೈ ತೋರಿಸಿದರು. ಮಾಮಿ ಎದ್ದರು. ರಾವ್ ತನಗೂ ಒಪ್ಪಿಗೆ ಕೊಟ್ಟಿದ್ದಾರೆ ಎಂದರು. ಸೋಲಾರಿನವರೂ ಎದ್ದು ನನ್ನ ಹೆಸರನ್ನೇ ಹೇಳಿದರು. ನಾನು ಕಾಫಿಯ ಟ್ರೇ ಹಿಡಿದು ಅವರ ನಡುವೆಯೇ ನಿಂತಿದ್ದೆ. ಮರದ ಶತ್ರುಗಳನ್ನು ಹುಡುಕಿ ಹುಡುಕಿ ಒಂದೇ ಕಡೆ ಸೇರಿಸಿದ ಕೀರ್ತಿ ನನ್ನದೇ.

ಮೆಟ್ಟಿಲ ಬಳಿ ಸೆಲ್ವಿ ಹೂಬುಟ್ಟಿ ಅಪ್ಪಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ಹಾಗಾದರೆ ಮರ ತೆಗೆಯಬಹುದಲ್ಲ ಸಾರ್, ಎಂದು ಕೌನ್ಸಿಲರಮ್ಮ ನನ್ನನ್ನೇ ಕೇಳಿದರು. ಕೂಡದು ಎನ್ನಬೇಕೆಂದು ಬಾಯಿ ತೆರೆದೆ. ದೇವರಾಣೆಗೂ ಅದನ್ನೇ ಹೇಳಲು ಹೊರಟಿದ್ದೆ.

"ಸರಿಂಗಮ್ಮಾ."

ಸೆಲ್ವಿ ತಲೆ ತಗ್ಗಿಸಿದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಇನ್ನೊಂದು ದನಿ ಕೇಳಿತು.

"ಮುಡಿಯಾದುಮ್ಮಾ."

ಆಗುವುದಿಲ್ಲ! ಹೇಳಿದವಳು ಸುಮತಿ. ಬಾಗಿಲು ಹಾಕಿದ ಮೇಲೆ ಬಂದು ದೋಸೆ ಕೇಳುವವರಿಗೆ ಹೇಳುವ ಅದೇ ದನಿ. ಕಾರು ಎರಡು ಮಾರು ಮುಂದೆ ನಿಲ್ಲಲಿ, ಮಾಮಿಯ ಕಿಟಕಿಗೂ ಸೋಲಾರಿಗೂ ತಾಗುವ ಕೊಂಬೆ ಸವರಲಿ, ಬುಡ ಮಾತ್ರ ಮುಟ್ಟುವ ಹಾಗಿಲ್ಲ ಎಂದಳು. ಶ್ರೀನಿವಾಸನ್ ಏನೋ ಹೇಳಹೋದರು. ದಿನಾ ವಾಕಿಂಗ್ ಮುಗಿಸಿ ಕಾಫಿ ಹಿಡಿದು ಎಲ್ಲಿ ನಿಲ್ಲುತ್ತೀರಿ ಸಾರ್, ಎಂದು ಅವಳು ಮೆಲ್ಲಗೆ ಕೇಳಿದಳು. ಅವರು ಕಿಟಕಿಯಾಚೆ ಹೊಂಗೆಮರವನ್ನು ನೋಡಿದರು. ಮರ ಇರಲಿ ಎಂದು ಕೈಯೆತ್ತಿದರು. ಒಬ್ಬೊಬ್ಬರಾಗಿ ಉಳಿದವರೂ ಎತ್ತಿದರು. ವಾರ್ಡಿನಲ್ಲಿ ಇನ್ನು ಚರಂಡಿಯೇ ಮರ ಬಳಸಿ ಹೋಗತಕ್ಕದ್ದು ಎಂದು ನಿರ್ಣಯವಾಯಿತು. ಟ್ರೇ ಇದ್ದುದರಿಂದ ನನಗೆ ಕೈಯೆತ್ತಲೂ ಆಗಲಿಲ್ಲ.

ಅಲ್ಲೇ ನಮ್ಮ ಬೀದಿಗೊಂದು ಮರ ಸಮಿತಿಯೂ ಹುಟ್ಟಿತು. ಅಧ್ಯಕ್ಷೆ ಸುಮತಿ. ಸೆಲ್ವಿ ಬುಟ್ಟಿಯಲ್ಲಿದ್ದ ಉದ್ದನೆಯ ಮಲ್ಲಿಗೆ ಮಾಲೆ ತೆಗೆದು ಅವಳಿಗೆ ಮುಡಿಸಿ ಕಣ್ಣೊರೆಸಿಕೊಂಡಳು. ನನ್ನ ಕಡೆ ನೋಡಲೇ ಇಲ್ಲ.

ಕೆಳಗಿಳಿದು ಬಂದರೆ, ಬರಿಗೈಯಲ್ಲಿ ಹೋಗಬೇಕಲ್ಲ ಎಂದು ಲಾರಿಯವನಿಗೆ ಬೇಜಾರು. ನಿಮ್ಮ ಹಿತ್ತಲಿನ ತೆಂಗಿನಮರವನ್ನಾದರೂ ಕಡಿದು ಹೋಗಲಾ ಸಾರ್, ಎಂದು ತುಂಬ ವಿನಯದಿಂದ ಕೇಳಿದ. ನಾನು ಬಾಯಿ ತೆರೆದೆ. ಸುಮತಿ ತಟ್ಟೆಯಿಂದ ಇಡೀ ವಡೆ ಎತ್ತಿ ನನ್ನ ಬಾಯಿಗೆ ತುರುಕಿದಳು.

ನೂತನ ಅಧ್ಯಕ್ಷೆ ಕೈಗೊಂಡ ಮೊದಲ ಪರಿಸರ ಸಂರಕ್ಷಣಾ ಕ್ರಮ ಅದು.