ಮೆಡಿಟೇಶನ್ ಊಟವೂ ಎರಡು ಮಾರ್ಕೂ

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವನೋ ಮೇಷ್ಟರನ್ನು ನೋಡಿಯೇ ಕಟ್ಟಿರಬೇಕೆಂದು ನನ್ನ ಬಲವಾದ ಅನುಮಾನ. ನಾನು ಹೊಸಪೇಟೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಭೂಗೋಳ ಪಾಠ ಮಾಡುತ್ತಿದ್ದೇನೆ. ಫೆಬ್ರವರಿ ಕೊನೆಯ ಮಧ್ಯಾಹ್ನ, ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುತ್ತಿರುವಾಗ, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಟಂಡ್ರಾ ಪ್ರದೇಶದ ಹಿಮದ ಬಗ್ಗೆ ಮಾತಾಡಿದ ಧೀರ ನಾನು. ಸಮುದ್ರವನ್ನು ಕಣ್ಣಾರೆ ನೋಡಿದ್ದು ಒಂದೇ ಸಲ, ಅದೂ ಮದುವೆಯಾದ ಹೊಸತರಲ್ಲಿ ಗೋಕರ್ಣದಲ್ಲಿ. ಮೊಣಕಾಲಿನವರೆಗೆ ಇಳಿದು, ಚಪ್ಪಲಿ ಕಳೆದುಕೊಂಡು ಬಂದೆ. ಆದರೂ ತರಗತಿಯಲ್ಲಿ ಏಳು ಸಮುದ್ರಗಳನ್ನೂ ಈಜಿ ಬಂದವನ ಹಾಗೆ ಮಾತಾಡುತ್ತೇನೆ. ಅದರಲ್ಲೂ ಮೆಡಿಟರೇನಿಯನ್ ಪ್ರದೇಶವೆಂದರೆ ನನಗೆ ಬಾಯಿಪಾಠ: ಬೇಸಿಗೆ ಒಣ, ಚಳಿಗಾಲದಲ್ಲಿ ಮಳೆ, ಮುಖ್ಯ ಬೆಳೆಗಳು ಆಲಿವ್, ದ್ರಾಕ್ಷಿ, ಅಂಜೂರ, ಕಿತ್ತಳೆ, ಗೋಧಿ. ಈ ಐದನ್ನು ಬರೆದವರಿಗೆ ಐದಕ್ಕೆ ಐದು. ಆಲಿವ್ ಹುಳಿಯೋ ಸಿಹಿಯೋ ಎಂದು ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲವಾದ್ದರಿಂದ ನನ್ನ ಮಾನ ಉಳಿದಿತ್ತು.

ಅದು ಹೋಗುವ ಕಾಲ ಬಂದದ್ದು ಕಳೆದ ಶ್ರಾವಣದಲ್ಲಿ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಂದು ರಕ್ತಪರೀಕ್ಷೆ ಮಾಡಿಸಿಕೊಂಡೆ. ಡಾಕ್ಟರ್ ಮೇಡಂ ರಿಪೋರ್ಟು ಓದಿದರು, ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದು ಕೊಲೆಸ್ಟರಾಲ್ ಎಂಬಲ್ಲಿ ಒಂದು ಸುತ್ತು ಹಾಕಿದರು. ಇಪ್ಪತ್ತಾರು ವರ್ಷ ಬೇರೆಯವರ ಹಾಳೆಯ ಮೇಲೆ ಕೆಂಪು ಪೆನ್ನು ಆಡಿಸಿದವನಿಗೆ ತನ್ನ ಹಾಳೆಯ ಮೇಲೆ ಅದು ಆಡಿದಾಗ ಹೇಗಾಗುತ್ತದೆಂದು ಅವತ್ತು ತಿಳಿಯಿತು. "ಇನ್ನೂರರ ಗೆರಿ ದಾಟಿ ಭಾಳ ಮುಂದ ಹೋಗೀರಿ ಸರ್. ಗುಳಗಿ ಈಗ ಬ್ಯಾಡ. ಮೂರು ತಿಂಗಳು ಮೆಡಿಟರೇನಿಯನ್ ಡಯಟ್ ಮಾಡ್ರಿ, ನೋಡೂಣು. ಜಾಗ್ರಫಿ ಸರ್ ನೀವು, ನಿಮಗೇನು ಬಿಡಿಸಿ ಹೇಳೂದು?" ಎಂದರು. ಜಾಗ್ರಫಿ ಸರ್ ಎನಿಸಿಕೊಂಡ ಮೇಲೆ ಏನು ತಿನ್ನಬೇಕೆಂದು ಕೇಳುವುದು ಹೇಗೆ? ಗಂಭೀರವಾಗಿ ತಲೆಯಾಡಿಸಿ ಎದ್ದು ಬಂದೆ.

ಮನೆಯಲ್ಲಿ ನನ್ನ ಹೆಂಡತಿ ಹಂಪಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?" ಎಂದಳು. ಹೇಳಿದೆ. ಅವಳ ಕಿವಿಗೆ ಅದು ಬಿದ್ದದ್ದು ಮೆಡಿಟೇಶನ್ ಡಯಟ್ ಎಂದು. ತಪ್ಪು ಅವಳದಲ್ಲ, ಹಂಪಿಯ ಪಕ್ಕದಲ್ಲಿ ಬದುಕುವ ನಮಗೆ ಬಂಡೆಗೊಬ್ಬರಂತೆ ಕಣ್ಣು ಮುಚ್ಚಿ ಕೂತ ಬಿಳಿಯರನ್ನು ನೋಡಿ ನೋಡಿ ಆ ಶಬ್ದ ಮನೆಮಾತಾಗಿದೆ. ಮರುದಿನದಿಂದ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂಡ್ರಿಸಿ, "ಕಣ್ಣು ಮುಚ್ರಿ, ಮಾತು ಬ್ಯಾಡ, ಸಾವಕಾಶ ಅಗೀರಿ" ಎಂದು ಉಣ್ಣಿಸತೊಡಗಿದಳು. ಕಣ್ಣು ಬಿಡುವಷ್ಟರಲ್ಲಿ ರೊಟ್ಟಿಯ ಮೇಲಿನ ಬೆಣ್ಣೆ ಮಾಯ, ಅನ್ನದ ಗುಡ್ಡ ಕರಗಿ ಬಯಲು. ನಾಲ್ಕು ದಿನ ಸಹಿಸಿಕೊಂಡೆ. ಐದನೆಯ ದಿನ ಸಂಜೆಯ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯನ್ನೂ ಮುಟ್ಟಬಾರದೆಂದಾಗ ತಡೆಯದೆ, ಗೋಡೆಯ ನಕಾಶೆಯ ಮೇಲೆ ಬೆರಳಿಟ್ಟು, "ಇದು ಸಮುದ್ರ ಕಣೇ, ಧ್ಯಾನ ಅಲ್ಲ! ಈ ದಂಡೆಯ ಜನ ತಿನ್ನೋದನ್ನ ನಾನು ತಿನ್ನಬೇಕು" ಎಂದು ಕಿರುಚಿದೆ.

ಅವಳು ನಕಾಶೆ ನೋಡಲಿಲ್ಲ, ನನ್ನನ್ನು ನೋಡಿದಳು. "ಹಂಗಾದ್ರ ಐದು ದಿನ ಸುಮ್ಮನ ಯಾಕ ಕುಂತ್ರಿ? ಎಲ್ಲಿ ಸಿಗತೈತಿ ಅದು? ಹುಡುಕ್ರಿ" ಎಂದಳು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಅವಳ ಅಣ್ಣ ಹೋದ ವರ್ಷ ಚೀಲ ತೂಗಿಸುತ್ತಿದ್ದಂತೆಯೇ ಎದೆ ಹಿಡಿದುಕೊಂಡು ಕುಸಿದಿದ್ದ. ಉಳಿದುಕೊಂಡ, ದೇವರು ದೊಡ್ಡವನು. ಆದರೆ ಅಂದಿನಿಂದ ನಾನು ಊಟವಾದ ಮೇಲೆ ಒಂದು ಗಳಿಗೆ ಅಡ್ಡಾದರೂ ಇವಳು ಬಂದು ನನ್ನ ಮೂಗಿನ ಮುಂದೆ ಅಂಗೈ ಹಿಡಿದು ನೋಡುತ್ತಾಳೆ. ನಾನು ನಿದ್ದೆಯ ನಟನೆ ಮಾಡುತ್ತ ಬೇಕೆಂದೇ ಜೋರಾಗಿ ಉಸಿರು ಬಿಡುತ್ತೇನೆ. "ನೀವೂ ಹಂಗ ಕುಂತಲ್ಲೇ ಕುಂತ್ರ ನಾ ಏನ್ ಮಾಡ್ಲಿ?" ಎಂದು ಅವಳು ಅಂದಾಗ ನನ್ನ ಎಲ್ಲ ಭೂಗೋಳ ಮರೆತುಹೋಯಿತು. ಹುಡುಕುವುದೆಂದು ನಿಶ್ಚಯಿಸಿದೆ.

ಹುಡುಕಿದ್ದೂ ಹುಡುಕಿದ್ದೇ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ದನಿ ತಗ್ಗಿಸಿ "ಮೆಡಿಟರೇನಿಯನ್ ಐತೇನಪ್ಪ?" ಎಂದರೆ ಮಾಣಿ ಒಳಗೆ ಮುಖ ಮಾಡಿ, "ಮೀಡಿಯಂ ಖಾರದ್ದು ಒಂದ್ ಪ್ಲೇಟ್!" ಎಂದು ಕೂಗಿ ಗೋಬಿ ಮಂಚೂರಿ ತಂದಿಟ್ಟ. ತಂದದ್ದನ್ನು ವಾಪಸು ಕಳಿಸುವುದು ಅನ್ನಕ್ಕೆ ಅಪಮಾನವೆಂದು ತಿಂದೆ. ಯಶವಂತನಗರದಿಂದ ಸಂಡೂರಿನ ಮೇಲೆ ಹಾದು ಬರುವ ನಮ್ಮ ಕೆಮಿಸ್ಟ್ರಿ ಮೇಷ್ಟ್ರು, ಸಂಡೂರಿನ ಒಂದು ಬೇಕರಿಯಲ್ಲಿ ಪಿಜ್ಜಾ ಸಿಗುತ್ತದೆ, ಇಟಲಿ ಆ ಸಮುದ್ರದ ದಂಡೆಯಲ್ಲೇ ಇದೆಯಲ್ಲ ಎಂದು ನನಗೇ ಭೂಗೋಳ ಹೇಳಿದರು. ಹೋಗಿ ನೋಡಿದರೆ ಬನ್ನಿನ ಮೇಲೆ ಟೊಮೆಟೊ ಸಾಸು, ಅದರ ಮೇಲೆ ಟೂಟಿಫ್ರೂಟಿ. ಅದನ್ನೂ ತಿಂದೆ. ಕಂಪ್ಲಿಗೆ ಹೋದಾಗ ಅನ್ನ ಸಾಕೆಂದದ್ದಕ್ಕೆ ಹಂಪಮ್ಮನ ಅಣ್ಣ, ಎದೆಯೊಳಗೆ ಸ್ಟೆಂಟ್ ಇಟ್ಟುಕೊಂಡ ಮನುಷ್ಯ, "ಗಿರಣಿ ಮನಿ ಅಳಿಯ ಅನ್ನ ಬಿಟ್ಟಾನಂದ್ರ ಮಂದಿ ಏನಂದಾರು?" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅಲ್ಲೂ ತಿಂದೆ. ಹೀಗೆ ಪಥ್ಯ ಹುಡುಕುವ ಭರದಲ್ಲಿ ಆ ತಿಂಗಳು ನಾನು ತಿಂದಷ್ಟು ಯಾವ ತಿಂಗಳೂ ತಿಂದಿರಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ನಮ್ಮ ಹಾಲಿನಾಕೆ. "ಕಡ್ಡಿರಾಂಪುರಕ್ಕ ಹೋಗ್ರಿ ಸರs. ಫಾರಿನ್ ಮಂದಿ ಅಲ್ಲೇ ಉಣ್ತಾರ" ಎಂದಳು. ಇಪ್ಪತ್ತಾರು ವರ್ಷ ಹಂಪಿಗೆ ಹೋಗಿಬರುತ್ತ ಆ ಹಳ್ಳಿಯ ಮೇಲೆಯೇ ಹಾದಿದ್ದೇನೆ. ರಸ್ತೆಯ ಎಡಬಲದ ಫಲಕಗಳನ್ನು ಓದಿದವನಲ್ಲ. ಭಾನುವಾರ ಹಂಪಮ್ಮನನ್ನು ಸ್ಕೂಟರಿನ ಹಿಂದೆ ಕೂಡ್ರಿಸಿಕೊಂಡು ಹೋದೆ. ಬಾಳೆತೋಟದ ಅಂಚಿಗೆ ತಗಡಿನ ಚಪ್ಪರ, ನೆಲದ ಮೇಲೆ ಹಾಸಿಗೆ, ಕಾಲು ಚಾಚಿದ ಮೂರು ಜನ ಪರದೇಶಿಗಳು. ಫಲಕದಲ್ಲಿ ಕನ್ನಡದಲ್ಲೇ ಬರೆದಿತ್ತು: ಹಮ್ಮಸ್, ಪಿಟಾ, ಫಲಾಫೆಲ್. "ಫಲ ಅಂತಾರ, ಫೇಲೂ ಅಂತಾರ. ಯಾವುದಾದ್ರೂ ಒಂದು ಹೇಳ್ಬಾರ್ದೇನ್ರಿ?" ಎಂದಳು ಹಂಪಮ್ಮ.

ಅಷ್ಟರಲ್ಲಿ ಚಪ್ಪರದ ಮಾಲೀಕ ಓಡಿಬಂದು ನನ್ನ ಕಾಲು ಮುಟ್ಟಿದ. ದಪ್ಪ ಮೀಸೆ, ಹೆಗಲ ಮೇಲೆ ಟವೆಲು, ಮೂವತ್ತರ ಆಸುಪಾಸು. "ಗುರ್ತು ಹತ್ತಲಿಲ್ಲೇನ್ರಿ ಸಾರ್? ನಾನ್ರಿ, ಹುಲಗಪ್ಪ. ಫಸ್ಟ್ ಪಿಯುಸಿಯೊಳಗ ನೀವು ಫೇಲ್ ಮಾಡಿದ್ರಲ್ರಿ!" ಪರದೇಶಿಗಳೂ ತಿರುಗಿ ನೋಡುವಷ್ಟು ಸಂತೋಷದಿಂದ ಹೇಳಿದ. ನಾನು ಪೆಚ್ಚಾಗಿ ನಕ್ಕೆ. ಹಂಪಮ್ಮನಿಗೆ ಮಾತ್ರ ಮುಖ ಅರಳಿತು. ನನ್ನ ಮೇಲೆ ದೂರು ತಂದವರೆಂದರೆ ಅವಳಿಗೆ ತವರಿನವರಿದ್ದ ಹಾಗೆ.

ತಟ್ಟೆ ಬಂತು. ಹಮ್ಮಸ್ ಎಂದರೆ ಬಿಳಿ ಹಳದಿ ನಡುವಿನ ಬಣ್ಣದ ಒಂದು ಮುದ್ದೆ, ಮೇಲೆ ಎಣ್ಣೆ. ಪಕ್ಕಕ್ಕೆ ಇನ್ನೊಂದು ಕಂದು ಮುದ್ದೆ, ಪಿಟಾ ಎಂಬ ಉಬ್ಬಿದ ರೊಟ್ಟಿ, ಕರಿದ ಉಂಡೆಗಳು. ನಾನು ಚಮಚ ಹುಡುಕುತ್ತಿರುವಾಗ ಹಂಪಮ್ಮ ಬೆರಳಲ್ಲಿ ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಇದು ನಿಜವಾದ ಧ್ಯಾನ. "ಬಿಳಿ ಕಡ್ಲಿ ಬೇಯ್ಸಿ ಅರದಾರ," ಎಂದಳು, "ಎಳ್ಳು ಐತಿ. ನಿಂಬಿಹಣ್ಣು. ಬಳ್ಳೊಳ್ಳಿ. ಇದು ಸುಟ್ಟ ಬದ್ನಿಕಾಯಿ. ಇಷ್ಟಕ್ಕ ಒಂದು ತಿಂಗಳು ಊರೂರು ತಿರುಗಿದ್ರೇನ್ರಿ?"

ಹುಲಗಪ್ಪ ಟವೆಲು ಹೆಗಲಿನಿಂದ ತೆಗೆದ. "ಅಮ್ಮಾರು ಐದೂ ಸರಿ ಹೇಳಿದ್ರು ನೋಡ್ರಿ ಸಾರ್. ಕಡ್ಲಿ, ಎಳ್ಳು, ನಿಂಬಿ, ಬಳ್ಳೊಳ್ಳಿ, ಬದ್ನಿಕಾಯಿ. ನಾನೂ ಇವನ್ನ ಬರದಿದ್ದೆರಿ. 'ಮೆಡಿಟರೇನಿಯನ್ ಪ್ರದೇಶದ ಬೆಳೆಗಳನ್ನು ತಿಳಿಸಿ', ಐದು ಮಾರ್ಕಿಂದು. ಆವಾಗ ಹಂಪಿ ಹೊಳಿ ಆಚಿ ಹೋಟ್ಲಾಗ, ಆ ಸಮುದ್ರದ ದಂಡಿಯಿಂದ ಬಂದ ಮಂದಿಗಂತ ಮುಂಜಾನೆ ಇವನ್ನ ರುಬ್ಬಿಕ್ಯಂಡು ಕಾಲೇಜಿಗೆ ಬರ್ತಿದ್ದೆ. ಇಡೀ ಪೇಪರಿನ್ಯಾಗ ಪುಸ್ತಕ ಓದದs ನನಗ ಗೊತ್ತಿದ್ದ ಪ್ರಶ್ನೆ ಅದೊಂದ ರೀ. ನೀವು ಸೊನ್ನಿ ಕೊಟ್ಟು, ಬಾಜೂಕ ಕೆಂಪು ಪೆನ್ನಿಲೆ 'ಇದು ಹೊಸಪೇಟೆ ಸಂತೆಯ ಚೀಟಿ' ಅಂತ ಬರದ್ರಿ."

ಬರೆದಿದ್ದೆ. ಬರೆದು ಸ್ಟಾಫ್ ರೂಮಿನಲ್ಲಿ ಓದಿ ತೋರಿಸಿ ಎಲ್ಲರನ್ನೂ ನಗಿಸಿದ್ದೂ ನೆನಪಾಯಿತು. ಪಾಸಾಗಲು ಮೂವತ್ತೈದು, ಅವನದು ಮೂವತ್ತಮೂರು. ಎರಡು ಮಾರ್ಕು ಕೇಳಿಕೊಂಡು ಬಾಗಿಲಲ್ಲಿ ನಿಂತಿದ್ದ. "ಎರಡಾದರೂ ಅಷ್ಟೇ, ಇಪ್ಪತ್ತಾದರೂ ಅಷ್ಟೇ. ಗೆರೆ ಅಂದರೆ ಗೆರೆ" ಎಂದು ಕಳಿಸಿದ್ದೆ. ಹಂಪಿಯಲ್ಲಿ ಗೈಡ್ ಆಗಬೇಕೆಂದಿದ್ದನಂತೆ. ಅವರಪ್ಪ, ಓದಿದ್ದು ಸಾಕು ಎಂದನಂತೆ. "ಹೋಗ್ಲಿ ಬಿಡ್ರಿ, ಚಲೋನ ಆತು" ಎಂದ ಹುಲಗಪ್ಪ. ಚಲೋ ಆಗಿದೆ ಎಂಬುದು ಚಪ್ಪರ ನೋಡಿದರೆ ತಿಳಿಯುತ್ತಿತ್ತು, ಆದರೂ ನನಗೆ ನಾಚಿಕೆಯಾಯಿತು. ತಪ್ಪಾಯಿತು ಎನ್ನಬೇಕಾದ ಜಾಗದಲ್ಲಿ ಮೇಷ್ಟರ ನಾಲಿಗೆ, "ಆದರೆ ಪುಸ್ತಕದಲ್ಲಿ ಆಲಿವ್ ಅಂತ ಇತ್ತಲ್ಲಪ್ಪ" ಎಂದುಬಿಟ್ಟಿತು.

ಅವನು ಒಳಗೆ ಹೋಗಿ ಪರದೇಶಿಗಳಿಗೆಂದು ಇಟ್ಟಿದ್ದ ಗಾಜಿನ ಬಾಟಲಿ ತಂದು, ಒಂದು ಹಸಿರು ಕಾಯಿ ನನ್ನ ಅಂಗೈಗೆ ಹಾಕಿದ. ಬಾಯಿಗಿಟ್ಟೆ. ಅಯ್ಯೋ ಶಿವನೇ! ಉಪ್ಪುನೀರಿನಲ್ಲಿ ಮರೆತುಹೋದ ಬೇವಿನ ಕಾಯಿ. ಇಪ್ಪತ್ತಾರು ವರ್ಷ ಪೂರ್ತಿ ಮಾರ್ಕು ಕೊಟ್ಟ ಉತ್ತರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಬಾಳೆಗಿಡದ ಬುಡಕ್ಕೆ ಹೋಗಿ ಉಗುಳಿ ಬಂದು, ಆರ್ಡರ್ ಬರೆಯುವ ಚೀಟಿ ಇಸಿದುಕೊಂಡು 'ಐದಕ್ಕೆ ಐದು' ಎಂದು ಬರೆದು ರುಜು ಹಾಕಿ ಕೊಟ್ಟೆ. ಹುಲಗಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓದಿ, ಗಲ್ಲಾದ ಮೇಲಿನ ಹುಲಿಗೆಮ್ಮ ದೇವಿಯ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದ.

ಅಂದಿನಿಂದ ಪ್ರತಿ ಭಾನುವಾರ ಕಡ್ಡಿರಾಂಪುರ. ಹಂಪಮ್ಮ ಮನೆಯಲ್ಲೂ ಕಡ್ಲಿ ಅರೆದಳು, ಬದನೆಕಾಯಿ ಸುಟ್ಟಳು. ನಾನು ಉಂಡು ಅಡ್ಡಾದರೆ ಅಂಗೈ ಹಿಡಿಯುವುದನ್ನೂ ಕಡಿಮೆ ಮಾಡಿದಳು. ಇಲ್ಲೊಂದು ತಪ್ಪೊಪ್ಪಿಗೆ ಇದೆ. ಆ ಕರಿದ ಉಂಡೆ ಫಲಾಫೆಲ್ ಇದೆಯಲ್ಲ, ಮಿರ್ಚಿಯ ಸೋದರತ್ತೆ. ಡಾಕ್ಟರೇ ಹೇಳಿದ ಸಮುದ್ರದ ತಿಂಡಿ ಎಂಬ ಧೈರ್ಯದ ಮೇಲೆ, ವಾರದ ನಡುವೆ ಕಾಲೇಜಿನ ಕೆಲಸವೆಂದು ಸುಳ್ಳು ಹೇಳಿ, ಒಬ್ಬನೇ ಹೋಗಿ ತಟ್ಟೆಗಟ್ಟಲೆ ತಿಂದೆ.

ಮೂರು ತಿಂಗಳಾದ ಮೇಲೆ ಮೇಡಂ ಹೊಸ ರಿಪೋರ್ಟು ಬಿಡಿಸಿದರು. ಇನ್ನೂರಾ ಎರಡು. "ಭಾಳ ಇಳದೈತಿ, ಆದ್ರ ಪಾಸಾಗಿಲ್ಲ ಸರ್" ಎಂದು ಕೆಂಪು ಪೆನ್ನು ತೆಗೆದರು. "ಎರಡs ಅಲ್ಲೇನ್ರಿ ಮೇಡಂ, ಬಿಟ್ಟುಬಿಡ್ರಿ" ಎಂದೆ. "ಎರಡಾದ್ರೂ ಅಷ್ಟ, ಇಪ್ಪತ್ತಾದ್ರೂ ಅಷ್ಟ. ಗೆರಿ ಅಂದ್ರ ಗೆರಿ." ಹಂಪಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು, "ಮತ್ತ ಪರೀಕ್ಷೆ ಯಾವಾಗ್ರಿ ಇವರಿಗೆ?" ಎಂದು ಕೇಳಿದಳು.

ಆ ಭಾನುವಾರ ಅವಳೇ ರಿಪೋರ್ಟನ್ನು ಹುಲಗಪ್ಪನ ಕೈಗೆ ಕೊಟ್ಟಳು. ಅವನು ನನ್ನನ್ನೂ ಅದನ್ನೂ ನೋಡಿ, "ಎರಡರಾಗ ಹೋತೇನ್ರಿ ಸಾರ್?" ಎಂದ. ನಗಲಿಲ್ಲ. "ನಡುವಾರ ನೀವೊಬ್ರ ಬಂದಾಗ ನಾ ಕೊಡಬಾರ್ದಿತ್ತು ಬಿಡ್ರಿ" ಎಂದು ಅವಳೆದುರಿಗೇ ಹೇಳಿ ನನ್ನ ಮಾನ ಕಳೆದ. ಆಮೇಲೆ ನನ್ನ ಮುಂದಿದ್ದ ಫಲಾಫೆಲ್ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಅದರ ಜಾಗದಲ್ಲಿ ಒಂದು ಬಟ್ಟಲು ತುಂಬ ಆಲಿವ್ ತಂದಿಟ್ಟ.

"ಸರಿ ಉತ್ತರ ಐತ್ರಿ ಸಾರ್," ಎಂದ, "ತಿನ್ರಿ."