ಮೆಟ್ಟಿಲ ಮೇಲಿನ ವಾರ್ತೆ

ಶನಿವಾರ ಬೆಳಿಗ್ಗೆ ತಿಂಡಿಗೆ ಮುಂಚಿನ ಪ್ರಾರ್ಥನೆ ಪುಟ್ಟಿಯ ಪಾಲಿಗೆ ಬಂತು. ನಾಲ್ಕೂವರೆ ವರ್ಷದ ಹುಡುಗಿ, ಕಣ್ಣು ಮುಚ್ಚಿ ಕೈ ಜೋಡಿಸಿ, ಬ್ರೆಡ್ಡಿಗಾಗಿ ಸ್ತೋತ್ರ, ಮೊಟ್ಟೆಗಾಗಿ ಸ್ತೋತ್ರ, ಅಜ್ಜಿಯ ಮಂಡಿನೋವು ವಾಸಿಯಾಗಲಿ ಅಂತ ಸೊಗಸಾಗಿಯೇ ಹೊರಟಳು. ಕೊನೆಗೆ ಮಾತ್ರ ದನಿ ಬದಲಾಯಿತು.

"ಕರ್ತನೇ, ಈಗೊಂದು ಚಿಕ್ಕ ಬ್ರೇಕ್. ಎಲ್ಲೂ ಹೋಗ್ಬೇಡ, ನೋಡ್ತಾನೇ ಇರು!"

"ಆಮೆನ್," ಅಂದುಬಿಟ್ಟರು ಅಜ್ಜಿ, ಅಭ್ಯಾಸಬಲದಿಂದ.

ಅಪ್ಪ ಮೊಟ್ಟೆಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಅವನು ಬೀಗ ರಿಪೇರಿಯವನು. ಬೀದಿಯಲ್ಲಿ ಎಲ್ಲರಿಗೂ ಬೀಗದಣ್ಣ. ಸಂಡೇ ಸ್ಕೂಲಿನ ಮೇಷ್ಟ್ರಾಗಬೇಕೆಂದು ಮೂರು ವರ್ಷದಿಂದ ಆಸೆಪಟ್ಟಿದ್ದ. ಅದೇ ವಿಷಯ ಮಾತಾಡಲು ಪಾಸ್ಟರ್ ಅವತ್ತು ಸಂಜೆ ಮನೆಗೆ ಬರುವವರಿದ್ದರು.

"ಮಗು ಅಲ್ವೇನ್ರಿ, ಬಿಡಿ," ಅಂತ ನಗುತ್ತಲೇ ಹೆಂಡತಿ ನರ್ಸ್ ಡ್ಯೂಟಿಗೆ ಹೊರಟಳು.

"ಏನು ಬಿಡೋದು? ಸ್ವಂತ ಮಗಳೇ ಪಾಸ್ಟರ್ ಮುಂದೆ ದೇವರಿಗೆ ಬ್ರೇಕ್ ಕೊಟ್ರೆ, ಬೇರೆಯವರ ಮಕ್ಕಳನ್ನ ನನ್ನ ಕೈಗೆ ಕೊಡ್ತಾರಾ? ಎಲ್ಲಾ ಈ ಟಿವಿಯಿಂದ!"

ಅಂದವನೇ ಟಿವಿಯನ್ನು ತಬ್ಬಿಕೊಂಡು ಹೋಗಿ ಬೀರುವಿನೊಳಗೆ ತುರುಕಿದ. ಅಂಗಡಿಯಲ್ಲಿದ್ದ ಅತಿ ಗಟ್ಟಿ ಬೀಗ ತಂದು ಜಡಿದು, ಕೀಲಿ ಜೇಬಿಗಿಳಿಸಿ, ಯುದ್ಧ ಗೆದ್ದವನಂತೆ ಮೆಟ್ಟಿಲಿಳಿದು ಕೆಳಗಿದ್ದ ಅಂಗಡಿಗೆ ಹೋಗಿ ಕೂತ.

ಪುಟ್ಟಿ ಅತ್ತಳು. ಅವಳಿಗಿಂತ ಹೆಚ್ಚು ನೊಂದವರು ಅಜ್ಜಿ. ನಾಲ್ಕು ಗಂಟೆಯ ಧಾರಾವಾಹಿಯಲ್ಲಿ ಸೊಸೆ ಮೂರು ವಾರದಿಂದ ಪ್ರಜ್ಞೆ ತಪ್ಪಿ ಮಲಗಿದ್ದಳು. ಕಣ್ಣು ಬಿಡುವುದು ಇವತ್ತೇ. ಮಧ್ಯಾಹ್ನದವರೆಗೆ ಮಗುವನ್ನು ಸಮಾಧಾನ ಮಾಡಿ ಸುಸ್ತಾದ ಅಜ್ಜಿ, ಮಂಚದ ಕೆಳಗಿದ್ದ ಖಾಲಿ ರಟ್ಟಿನ ಡಬ್ಬ ಎಳೆದು, ಕತ್ತರಿಯಿಂದ ಚೌಕಾಕಾರದ ಕಿಂಡಿ ಮಾಡಿಕೊಟ್ಟರು. "ತಗೋ, ನೀನೇ ಟಿವಿ ಆಗು. ನನ್ನ ಪ್ರಾಣ ಹಿಂಡಬೇಡ."

ಪುಟ್ಟಿ ಡಬ್ಬವನ್ನು ತಲೆಗೆ ಹಾಕಿಕೊಂಡು, ಗಾಳಿ ಬರಲೆಂದು ಮೆಟ್ಟಿಲ ಮೇಲೆ ಕೂತಳು.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಬೀಗದಣ್ಣ ಕೆಳಗೆ ಒಂದು ಕೀಲಿಗೆ ಅರ ಹಾಕುತ್ತಿದ್ದ. ಮೇಲಿನಿಂದ ನಗು ಕೇಳಿಸಿತು. ಒಬ್ಬಿಬ್ಬರದಲ್ಲ, ಹತ್ತು ಜನರದು. ನಗು ನಿಂತ ಮೇಲೆ ಪರಿಚಿತ ದನಿ ಗಂಭೀರವಾಗಿ ತೇಲಿಬಂತು.

"ಈಗ ಮುಖ್ಯಾಂಶಗಳು. ಅಪ್ಪ ಟಿವಿಗೆ ಬೀಗ ಹಾಕಿದ್ದಾರೆ. ಅಜ್ಜಿ ಬೇಜಾರಲ್ಲಿದ್ದಾರೆ. ಎದುರುಮನೆ ಪೋಸ್ಟ್‌ಮಾಸ್ಟರ್ ತಾತನ ಕೂದಲು ನಿಜದ್ದಲ್ಲ. ಹೀಗೆ ಹೇಳಿದವರು ನಮ್ಮಪ್ಪ."

ಅರ ಜಾರಿ ಕೀಲಿಯ ಹಲ್ಲೇ ಹೋಯಿತು. ಬೀಗದಣ್ಣ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಇಡೀ ಕಟ್ಟಡವೇ ಅಲ್ಲಿ ಸೇರಿತ್ತು. ರಿಟೈರ್ಡ್ ಪೋಸ್ಟ್‌ಮಾಸ್ಟರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೆಂಪಗಾಗಿದ್ದರು. ಮೇಲ್ಮನೆಯ ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಮುಂದಿನ ಸುದ್ದಿ," ಅಂದಿತು ಡಬ್ಬ. "ಟೈಲರ್ ಆಂಟಿ ಬಾಯಿಗೆ ಹಾಕೋ ಅಂಥ ಬೀಗ ಇನ್ನೂ ಯಾರೂ ಕಂಡುಹಿಡಿದಿಲ್ಲ."

ಟೈಲರಮ್ಮನ ನಗು ಹೊಲಿಗೆ ಯಂತ್ರದ ದಾರ ಕಿತ್ತಂತೆ ಪಟ್ಟನೆ ನಿಂತಿತು. ಪೋಸ್ಟ್‌ಮಾಸ್ಟರ್ ಈಗ ತಲೆಯಿಂದ ಕೈ ತೆಗೆದು ಚಪ್ಪಾಳೆ ತಟ್ಟಿದರು.

"ಪುಟ್ಟೀ! ಸಾಕು, ಒಳಗೆ ನಡಿ!"

"ಏನ್ರೀ ಅವಸರ?" ಟೈಲರಮ್ಮ ಅಡ್ಡ ನಿಂತಳು. "ನನ್ನ ಬಗ್ಗೆ ಇನ್ನೂ ಏನೇನು ಅಂದಿದ್ದೀರಿ, ಪೂರ್ತಿ ಬರಲಿ."

"ಸುಮ್ಮನಿರಪ್ಪಾ, ಮಗು ಚೆನ್ನಾಗಿ ಓದ್ತಿದೆ," ಅಂದರು ಪೋಸ್ಟ್‌ಮಾಸ್ಟರ್.

ಬೀಗದಣ್ಣನಿಗೆ ಉಳಿದದ್ದು ಒಂದೇ ದಾರಿ. ಒಳಗೆ ಓಡಿದ. ಅವಸರದಲ್ಲಿ ಕೀಲಿ ಸಿಕ್ಕರೆ ತೂತು ಸಿಗದು, ತೂತು ಸಿಕ್ಕರೆ ಕೀಲಿ ತಿರುಗದು. ತನ್ನ ಬೀಗದ ಗಟ್ಟಿತನವನ್ನು ತಾನೇ ಶಪಿಸುತ್ತ ಹೇಗೋ ತೆಗೆದು, ಟಿವಿ ಹೊರಗೆಳೆದು, ವೈರು ಸಿಕ್ಕಿಸಿ, ಬಾಗಿಲಲ್ಲಿ ನಿಂತು ಗೋಗರೆದ. "ಬಾ ಕಂದಾ, ಕಾರ್ಟೂನ್ ಹಾಕಿದ್ದೀನಿ ನೋಡು! ಎಷ್ಟು ಹೊತ್ತು ಬೇಕಾದ್ರೂ ನೋಡು!"

ಡಬ್ಬ ಇತ್ತ ತಿರುಗಿತು. ಕಿಂಡಿಯಲ್ಲಿ ಎರಡು ಕಣ್ಣು ಒಂದು ಕ್ಷಣ ಯೋಚಿಸಿದವು.

"ಬೇಡಪ್ಪ. ಅದ್ರಲ್ಲಿ ನಮ್ಮ ಬಿಲ್ಡಿಂಗ್ ಬರಲ್ಲ."

ಅಜ್ಜಿ ಮಾತ್ರ ಮಂಡಿನೋವು ಮರೆತು ಟಿವಿ ಮುಂದೆ ಹಾಜರಾದರು. ಸರಿಯಾಗಿ ನಾಲ್ಕು ಗಂಟೆಯಾಗಿತ್ತು.

ಬೀಗದಣ್ಣ ಸೋತು ಹೊರಗೆ ಬಂದರೆ, ಗುಂಪಿನ ಹಿಂದೆ ಪಾಸ್ಟರ್ ನಿಂತಿದ್ದರು. ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆ! ಅವರನ್ನು ಅವನಿಗಿಂತ ಮೊದಲು ಕಂಡಿದ್ದು ಡಬ್ಬ.

"ಈಗ ಬಂದ ಸುದ್ದಿ! ಪಾಸ್ಟರ್ ಅಂಕಲ್ ಬಂದಿದ್ದಾರೆ. ಅವರು ಪ್ರಸಂಗ ಮಾಡುವಾಗ ನಮ್ಮಪ್ಪ ನಿದ್ದೆ ಮಾಡ್ತಾರೆ. ಅಮ್ಮ ಚಿವುಟ್ತಾರೆ. ಆಗ ಅಪ್ಪ ಜೋರಾಗಿ 'ಆಮೆನ್' ಅಂತಾರೆ."

ಬೀಗದಣ್ಣ ಗೋಡೆಗೆ ಅಂಟಿಕೊಂಡು, ಗೋಡೆಯೊಳಗೇ ಹೋಗಲು ಜಾಗವಿದೆಯೇನೋ ಎಂಬಂತೆ ನೋಡಿದ. ಪಾಸ್ಟರ್ ಕನ್ನಡಕ ತೆಗೆದರು, ಕಣ್ಣೊರೆಸಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಅವನು ತಿಳಿದ, ಅವರು ನಗುತ್ತಿದ್ದರು.

"ಆ ಆಮೆನ್ ಕೇಳಿ ನಾನು ಎಷ್ಟು ಹಿಗ್ಗಿದ್ದೀನಿ ಗೊತ್ತೇನ್ರಿ! ಇಡೀ ಸಭೆಯಲ್ಲಿ ಇವರೊಬ್ಬರೇ ಮನಸಿಟ್ಟು ಕೇಳ್ತಾರೆ ಅಂತಿದ್ದೆ."

ಒಳಗೆ ಚಹಾ ಮುಂದಿಟ್ಟುಕೊಂಡು ಬೀಗದಣ್ಣ ತಲೆತಗ್ಗಿಸಿ ಹೇಳಿದ. "ಅಯ್ಯನವರೇ, ಸಂಡೇ ಸ್ಕೂಲ್ ಬೇರೆ ಯಾರಿಗಾದರೂ ಕೊಡಿ. ನನಗೆ ಒಂದು ಮಗುವನ್ನೇ ಸಂಭಾಳಿಸೋಕಾಗ್ಲಿಲ್ಲ."

"ಅದು ನಿಮಗೇ," ಅಂದರು ಪಾಸ್ಟರ್. ಅವನ ಮುಖ ಅರಳಿತು. "ಆದರೆ ಇನ್ನೊಂದು ಮಾತು. ಆರಾಧನೆಯ ಪ್ರಕಟಣೆಗಳನ್ನ ನಾನು ಓದಿದರೆ ಎಲ್ಲರೂ ಆಕಳಿಸ್ತಾರೆ. ನಿಮ್ಮ ಮೆಟ್ಟಿಲ ಮೇಲೆ ಇವತ್ತು ಒಬ್ಬರೂ ಕಣ್ಣು ಮಿಟುಕಿಸ್ತಿರಲಿಲ್ಲ. ಇನ್ಮೇಲೆ ಪ್ರತಿ ಭಾನುವಾರ ಪ್ರಕಟಣೆ ಪುಟ್ಟಿಯದೇ."

"ಅದೂ ಹೇಳ್ತೀನಿ, ಸುದ್ದೀನೂ ಹೇಳ್ತೀನಿ," ಅಂದಳು ಪುಟ್ಟಿ ಡಬ್ಬದೊಳಗಿಂದ. ಪೋಸ್ಟ್‌ಮಾಸ್ಟರ್, ಟೈಲರಮ್ಮ ಇಬ್ಬರೂ ಎಂದೂ ಚರ್ಚ್ ಕಡೆ ತಲೆ ಹಾಕಿದವರಲ್ಲ. ನಾಳೆ ಎಷ್ಟು ಗಂಟೆಗೆ ಅಂತ ಬಾಗಿಲಿಂದಲೇ ವಿಚಾರಿಸಿಕೊಂಡರು.

ಪಾಸ್ಟರ್ ಹೋದ ಮೇಲೆ ಹೆಂಡತಿ ಡ್ಯೂಟಿಯಿಂದ ಬಂದಳು. "ರೀ, ನಮ್ಮ ದೊಡ್ಡ ಡಾಕ್ಟ್ರು ಇವತ್ತು ಏನು ಮಾಡಿದ್ರು ಅಂದ್ರೆ..." ಅಂತ ಶುರುಮಾಡಿದವಳ ಬಾಯಿಗೆ ಬೀಗದಣ್ಣ ಅಂಗೈ ಅಡ್ಡ ಹಿಡಿದ. ಪಕ್ಕದಲ್ಲಿ ಡಬ್ಬ ಕಿವಿ ನಿಮಿರಿಸಿ ಕೂತಿತ್ತು. ಅವನು ಪಿಸುಗುಟ್ಟಿದ.

"ಇಲ್ಲಿ ಬೇಡ ಮಾರಾಯ್ತಿ. ಚಪ್ಪಲಿ ಬಿಚ್ಚಬೇಡ, ಹೊರಗೆ ನಡಿ. ದಾರಿಯಲ್ಲಿ ಎಲ್ಲಾ ಹೇಳ್ತೀನಿ."

ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅವರಿಬ್ಬರೇ ಹೀಗೆ ವಾಕಿಂಗ್ ಹೋದದ್ದೇ ಇಲ್ಲ. ಬೀದಿಗಿಳಿದು, ಅವಳು ಎಡವಿದಳೆಂದು ಅವನು ಕೈ ಹಿಡಿದುಕೊಂಡ, ಹಿಡಿದದ್ದನ್ನು ಬಿಡಲಿಲ್ಲ. ಹತ್ತು ಹೆಜ್ಜೆ ಹೋಗಿರಬಹುದು, ಹಿಂದೆ ಮೇಲಿನ ಕಿಟಕಿಯಿಂದ ಗಂಟೆ ಬಾರಿಸಿದಂಥ ದನಿ ಕೇಳಿಸಿತು.

"ನೇರಪ್ರಸಾರ! ಅಪ್ಪ ಅಮ್ಮನ ಕೈ ಹಿಡ್ಕೊಂಡಿದ್ದಾರೆ!"

ಕಟ್ಟಡದ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು.