ನನ್ನ ಬೆವರಿಗೆ ನೆಗೆಣ್ಣಿಯ ಚೀಟಿ

ಡಾಕ್ಟರ ಮುಂದೆ ನಾಚಿಕೆಯಿಲ್ಲದೆ ಮಾತಾಡುವುದು ಹೇಗೆ ಎಂಬ ವಿಷಯದಲ್ಲಿ ಇಡೀ ಲಕ್ಷ್ಮೇಶ್ವರದಲ್ಲಿ ನನಗಿಂತ ದೊಡ್ಡ ತಜ್ಞೆ ಇನ್ನೊಬ್ಬಳಿಲ್ಲ. ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ನಾನು. ಪ್ರತಿ ವರ್ಷ ಹತ್ತನೆಯ ತರಗತಿಯ ಹುಡುಗಿಯರನ್ನು ಕೂಡಿಸಿ, ಕಿಟಕಿಗಳನ್ನೆಲ್ಲ ಹಾಕಿಸಿ, ಒಂದು ತಾಸು ಉಪನ್ಯಾಸ ಕೊಡುತ್ತೇನೆ. “ದೇಹದ ಬಗ್ಗೆ ನಾಚಿಕೆ ಎಂಥದ್ದು? ನಿಮ್ಮ ತೊಂದರೆಯನ್ನು ನಿಮ್ಮ ಬಾಯಿಂದಲೇ ಹೇಳಿ!” ಎಂದು ಮೇಜು ಕುಟ್ಟುತ್ತೇನೆ. ಹಾಗಾದರೆ ಕಿಟಕಿ ಯಾಕೆ ಹಾಕಿಸಿದಿರಿ ಎಂದು ಈವರೆಗೆ ಯಾವ ಹುಡುಗಿಯೂ ಕೇಳಿಲ್ಲ.

ಇಂಥ ನನಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಆಪರೇಶನ್ ಆಯಿತು. ಗರ್ಭಕೋಶದಲ್ಲಿ ಗಡ್ಡೆ, ಎರಡೂ ಅಂಡಾಶಯಗಳಲ್ಲಿ ನೀರುಗುಳ್ಳೆ. ಗರ್ಭಕೋಶ, ಅಂಡಾಶಯ ಎಲ್ಲವನ್ನೂ ಒಂದೇ ಸಲಕ್ಕೆ ತೆಗೆದರು. ಮನೆಗೆ ಕಳಿಸುವಾಗ “ಭಾರ ಎತ್ತಬ್ಯಾಡ್ರಿ” ಎಂದರು. ಎತ್ತಲಿಲ್ಲ. ಅಂಡಾಶಯದ ಹಿಂದೆಯೇ ನಿದ್ದೆ, ನೆನಪು, ತಾಳ್ಮೆ ಎಲ್ಲವೂ ಗಂಟುಮೂಟೆ ಕಟ್ಟುತ್ತವೆಂದು ಮಾತ್ರ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ವಿಜ್ಞಾನದವಳು ಕೇಳುವುದೇನು!

ಡಿಸೆಂಬರಿನಲ್ಲಿ ತರಗತಿಯ ಮಕ್ಕಳು ಸ್ವೆಟರ್ ಹಾಕಿಕೊಂಡು ಕುಳಿತರೆ ನಾನು ಫ್ಯಾನನ್ನು ಐದಕ್ಕೆ ತಿರುಗಿಸುತ್ತಿದ್ದೆ. ಎದೆಯಿಂದ ಹೊರಟ ಬಿಸಿ ನೆತ್ತಿಗೆ ಹತ್ತಿ, ಸೀರೆ ನೆನೆದು ಮೈಗಂಟುತ್ತಿತ್ತು. ಮನೆಯಲ್ಲಿ ನನ್ನ ಯಜಮಾನರು ಎರಡು ಕೌದಿ ಹೊದ್ದು, “ಇದು ಮನಿ ಐತೋ ಐಸ್ ಫ್ಯಾಕ್ಟರಿ ಐತೋ?” ಎನ್ನುತ್ತಿದ್ದರು. ಇನ್ನೊಂದು ತೊಂದರೆಯೂ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಯಜಮಾನರೂ ಇದನ್ನು ಓದುತ್ತಾರೆ.

ಒಂದು ದಿನ ದ್ಯುತಿಸಂಶ್ಲೇಷಣೆ ಕಲಿಸುತ್ತ ನಡುವೆಯೇ ನಿಂತುಬಿಟ್ಟೆ. ಮುಂದಿನ ಮಾತು ಬರಲಿಲ್ಲ. ಹದಿನೆಂಟು ವರ್ಷ ಕಲಿಸಿದ ಪಾಠ! ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿಕೊಟ್ಟಳು. ಅವಳ ಮೇಲೆಯೇ ಕೂಗಾಡಿ, ಸ್ಟಾಫ್ ರೂಮಿಗೆ ಹೋಗಿ ಅತ್ತೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಪಾಠ ಮಾಡುವ ತಲೆಯೇ ಹೋದರೆ ನನ್ನಲ್ಲಿ ಉಳಿಯುವುದೇನು?

ಊರಿನ ಡಾಕ್ಟರಿಗೆ ತೋರಿಸಿದೆ. “ವಯಸ್ಸಾದ ಮ್ಯಾಲ ಹೆಣಮಕ್ಕಳಿಗೆ ಇದು ಇದ್ದದ್ದರಿ. ತಡಕೊಳ್ರಿ” ಎಂದು ಕ್ಯಾಲ್ಸಿಯಂ ಗುಳಿಗೆ ಬರೆದರು. ನಲವತ್ತೊಂದರ ನನಗೆ ಹಾಗೆ ಹೇಳಿದವರು ಅರವತ್ತು ದಾಟಿದವರು! ಮನೆಗೆ ಬಂದು ಓದಿದೆ. ದೇಹ ಮಾಡುವುದನ್ನು ನಿಲ್ಲಿಸಿದ ಹಾರ್ಮೋನನ್ನು ಗುಳಿಗೆಯ ರೂಪದಲ್ಲಿ ಕೊಡುತ್ತಾರೆಂದೂ, ನನ್ನಂತೆ ಬೇಗ ಆಪರೇಶನ್ ಆದವರಿಗೆ ಎಲುಬು ಗಟ್ಟಿ ಇರಲೂ ಅದು ಬೇಕಾಗುತ್ತದೆಂದೂ ತಿಳಿಯಿತು. ಗದಗದಲ್ಲಿ ಹೆಸರಾದ ಲೇಡಿ ಡಾಕ್ಟರೊಬ್ಬರಿದ್ದರು.

“ಏನೂ ಮುಚ್ಚಿಡಬ್ಯಾಡ. ಖರೆ ಖರೆ ಹೇಳು” ಎಂದರು ಯಜಮಾನರು.

“ನನಗ ಹೇಳಿಕೊಡ್ತೀರೇನು?” ಎಂದು ಬಸ್ಸು ಹತ್ತಿದೆ.

ಕಾಯುವವರಿಗೆ ಬೇಸರವಾಗದಿರಲೆಂದು ಮುಂದಿನ ನಾಲ್ಕು ಜನರನ್ನು ಡಾಕ್ಟರ ಕೋಣೆಯೊಳಗಿನ ಬೆಂಚಿನ ಮೇಲೆಯೇ ಕೂಡಿಸುವ ಪದ್ಧತಿ ನಮ್ಮ ಕಡೆ ಇದೆ. ಅವರ ಮನರಂಜನೆಯ ಹೊಣೆ ಸ್ಟೂಲಿನ ಮೇಲೆ ಕೂತವರದು. ನಾನು ಸ್ಟೂಲಿನ ಮೇಲೆ ಕೂತು ಬೆಂಚಿನತ್ತ ನೋಡಿದೆ. ನಮ್ಮ ಶಾಲೆಯ ಹಿಂದಿ ಟೀಚರ್ ಅವರ ಅತ್ತೆ! ಬಸುರಿ ಮಗಳನ್ನು ಕರೆತಂದಿದ್ದರು. ನನ್ನನ್ನು ಕಂಡು ಅಗಲವಾಗಿ ನಕ್ಕರು.

“ಏನ್ರಿ ತೊಂದ್ರಿ?” ಎಂದು ಡಾಕ್ಟರ್ ಕೇಳಿದರು.

“ನನಗಲ್ರಿ” ಎಂದಿತು ನನ್ನ ಬಾಯಿ. “ನಮ್ಮ ನೆಗೆಣ್ಣಿಗೆ!”

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ ಶಾಂತಾ. ಶಿರಹಟ್ಟಿಯಲ್ಲಿ ಗುಂಡುಕಲ್ಲಿನಂತೆ ಇದ್ದಾಳೆ. ಆದರೆ ನಮ್ಮ ಕಡೆ ನಾಚುವಂಥ ಜಡ್ಡು ಯಾರಿಗೂ ಸ್ವಂತಕ್ಕೆ ಬರುವುದಿಲ್ಲ. ಮೂಲವ್ಯಾಧಿ ಯಾವಾಗಲೂ ಗೆಳೆಯನಿಗೆ, ತುರಿಕೆ ಯಾವಾಗಲೂ ಓಣಿಯವರೊಬ್ಬರಿಗೆ. ಆ ಪರಂಪರೆಗೆ ನಾನೂ ನನ್ನ ಅಲ್ಪ ಕಾಣಿಕೆ ಸಲ್ಲಿಸಿದೆ. ನನ್ನ ಅಷ್ಟೂ ಕಷ್ಟವನ್ನು ಶಾಂತಾಳ ಮೈಮೇಲೆ ಹಾಕಿ ಹೇಳಿದೆ. ಬರೆಯುವುದಿಲ್ಲ ಎಂದೆನಲ್ಲ, ಅದನ್ನೂ ಹೇಳಿದೆ. ಶಾಂತಾಳದಾದ ಮೇಲೆ ನನಗೇನು ನಾಚಿಕೆ!

ಹೇಳುತ್ತಿರುವಾಗಲೇ ಬಿಸಿ ಎದ್ದು, ಹಣೆಯಿಂದ ಬೆವರು ಮೇಜಿನ ಮೇಲೆ ತೊಟ್ಟಿಕ್ಕಿತು.

“ನಿಮಗ್ಯಾಕ್ರಿ ಇಷ್ಟು ಬೆವರು?”

“ಬಸ್ಸಿನಾಗ ಭಾಳ ಗದ್ದಲ ಇತ್ರಿ.”

ಡಾಕ್ಟರ್ ನನ್ನನ್ನೇ ಒಂದು ಗಳಿಗೆ ನೋಡಿ, “ಗುಳಿಗಿ ಕೊಡಬಹುದು. ಆದ್ರ ನೋಡದ ಕೊಡೂದಿಲ್ಲ. ಹದಿನೈದು ದಿನಕ್ಕ ಅವರನ್ನ ಕರಕೊಂಡ ಬರ್ರಿ” ಎಂದರು.

ಈ ಹಂತದಲ್ಲಿ ಬುದ್ಧಿಯಿದ್ದವರು ಒಬ್ಬರೇ ಹೋಗಿ ನಿಜ ಹೇಳುತ್ತಿದ್ದರು. ನಾನು ಶಿರಹಟ್ಟಿಗೆ ಹೋದೆ! ಶಾಂತಾ ನನ್ನ ಜಡ್ಡನ್ನು ತನ್ನದೆಂದು ತನ್ನ ಬಾಯಿಂದ ಹೇಳಬೇಕು, ಚೀಟಿ ಬರೆಸಿಕೊಳ್ಳಬೇಕು, ಗುಳಿಗೆ ನಾನು ನುಂಗಬೇಕು. ಇದು ನನ್ನ ವೈಜ್ಞಾನಿಕ ಯೋಜನೆ. ಶಾಂತಾ ಹೊಟ್ಟೆ ಹಿಡಿದುಕೊಂಡು ನಕ್ಕು, “ಅಕ್ಕಾರ, ನೀವು ಹೇಳಿದ್ರ ನಾ ಬಸುರಾಗಿನಿ ಅಂತನೂ ಹೇಳ್ತೀನ್ರಿ!” ಎಂದಳು. ಗದಗ ಬರುವವರೆಗೆ ಬಸ್ಸಿನಲ್ಲಿ ಬಾಯಿಪಾಠ ಮಾಡಿಸಿದೆ.

ಕೋಣೆಯಲ್ಲಿ ಅದೇ ಬೆಂಚು. ಅದೇ ಅತ್ತೆ, ಅದೇ ಬಸುರಿ ಮಗಳು. ಶಾಂತಾ ಒಂದೂ ಬಿಡದೆ ಗಟ್ಟಿ ದನಿಯಲ್ಲಿ ಒಪ್ಪಿಸಿದಳು. ಕೊನೆಗೆ ಉತ್ಸಾಹ ತಡೆಯದೆ, “ಮತ್ತ ಗಂಡನ ಮಾರಿ ಕಂಡ್ರ ಸಿಟ್ಟ ಬರ್ತೈತ್ರಿ” ಎಂದು ತನ್ನದೂ ಒಂದು ಸೇರಿಸಿದಳು.

“ಅದಕ್ಕ ಗುಳಿಗಿ ಇಲ್ಲವ್ವ” ಎಂದು ಡಾಕ್ಟರ್ ಬರೆದುಕೊಂಡರು. “ಹಿಂದ ಕಾಲಾಗ ರಕ್ತ ಹೆಪ್ಪುಗಟ್ಟಿತ್ತೇನು? ಮನಿತನದಾಗ ಯಾರಿಗರ ಎದಿ ಕ್ಯಾನ್ಸರ್ ಐತೇನು?”

ಇದನ್ನು ನಾನು ಬಾಯಿಪಾಠ ಮಾಡಿಸಿರಲಿಲ್ಲ. ಶಾಂತಾ ನನ್ನ ಕಡೆ ತಿರುಗಿದಳು.

“ಅಕ್ಕಾರ, ನನಗ ಐತೇನ್ರಿ?”

ಬೆಂಚು ಮುಂದಕ್ಕೆ ಬಾಗಿತು. ಡಾಕ್ಟರ್ ಶಾಂತಾಳನ್ನು ಪರದೆಯ ಹಿಂದೆ ಕರೆದೊಯ್ದರು. ಪರದೆಯ ಹಿಂದಿನಿಂದ ಡಾಕ್ಟರ ದನಿ ಕೇಳಿತು.

“ಆಪರೇಶನ್ ಆಗೈತಿ ಅಂದ್ರಿ. ಹೊಲಿಗಿ ಹಾಕಿದ ಗುರ್ತು ಎಲ್ಲೈತಿ?”

“ಅದು ಅಕ್ಕಾರ ಹೊಟ್ಟಿ ಮ್ಯಾಲ ಐತ್ರಿ!” ಎಂದಳು ಶಾಂತಾ.

ಡಾಕ್ಟರ್ ಹೊರಬಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ನೀವು ಏನು ಕೆಲಸ ಮಾಡ್ತೀರಿ?”

ನಾನು ಬಾಯಿ ತೆರೆಯುವ ಮೊದಲೇ ಹಿಂದಿ ಟೀಚರ್ ಅವರ ಅತ್ತೆ ಹೆಮ್ಮೆಯಿಂದ, “ಸೈನ್ಸ್ ಟೀಚರ್ ಅದಾರ್ರಿ!” ಎಂದರು.

“ಈ ಗುಳಿಗಿ ಎಲ್ಲಾರಿಗೂ ಹೊಂದೂದಿಲ್ಲ ಟೀಚರ್. ಆಕಿ ಬಿಪಿ ನೋಡಿ ನಿಮಗ ಗುಳಿಗಿ ಕೊಡ್ಲೇನು?” ಎಂದು ನನ್ನ ತೋಳಿಗೆ ಪಟ್ಟಿ ಸುತ್ತಿದರು. ಬಿಪಿ ಏರಿ ಕೂತಿತ್ತು. “ಅರ್ಧಾ ತಾಸು ಸುಮ್ಮನ ಕುಂಡ್ರಿ, ಮತ್ತ ನೋಡೋಣು.”

ಕೂಡುವುದೆಲ್ಲಿ? ಅದೇ ಬೆಂಚಿನ ಮೇಲೆ!

ಅತ್ತೆ ಸರಿದು ಜಾಗ ಕೊಟ್ಟರು. ಈಗ ಶುರುವಾಗುತ್ತದೆ ಎಂದುಕೊಂಡೆ. ಅವರು ನನ್ನ ಕಿವಿಯ ಹತ್ತಿರ ಬಾಗಿ, “ನಂಗೂ ಹಿಂಗ ಆಗಿತ್ರಿ. ಹುಚ್ಚ ಹಿಡೀತು ಅಂತ ಮಾಡಿದ್ದೆ. ಯಾರ ಮುಂದೂ ಬಾಯಿ ಬಿಡಲಿಲ್ಲ” ಎಂದು ನನ್ನ ಒದ್ದೆ ಕೈಯನ್ನು ತಮ್ಮ ಸೆರಗಿನಿಂದ ಒರೆಸಿದರು. ಎರಡು ವಾರ ನಾನು ಹೆದರಿ ಓಡಿದ್ದು ಈ ಹೆಂಗಸಿಗೆ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಅಳುವೂ ಬಂತು. ಅತ್ತ ಮೇಲೆ ಬಿಪಿ ಇಳಿಯಿತು. ಡಾಕ್ಟರ್ ಕೇಳಿದ್ದಕ್ಕೆಲ್ಲ ನನ್ನ ಬಾಯಿಂದಲೇ ಉತ್ತರಿಸಿದೆ. ಪರದೆಯ ಹಿಂದೆ ನನ್ನನ್ನೇ ಪರೀಕ್ಷಿಸಿ, ನನ್ನದೇ ಹೆಸರಿನಲ್ಲಿ ಚೀಟಿ ಬರೆದರು.

ಮೂರನೆಯ ವಾರ ಯಜಮಾನರು ಒಂದು ಕೌದಿ ತೆಗೆದಿಟ್ಟರು. ನಿದ್ದೆ ಬಂತು. ದ್ಯುತಿಸಂಶ್ಲೇಷಣೆಯನ್ನು ಮೊದಲಿನಿಂದ ಕೊನೆಯವರೆಗೆ ಕಲಿಸಿ, ಆ ಹುಡುಗಿಯ ಕ್ಷಮೆ ಕೇಳಿದೆ. ಇನ್ನು ಮೇಲೆ ಉಪನ್ಯಾಸಕ್ಕೆ ಕಿಟಕಿ ತೆರೆದೇ ಇಡುವುದೆಂದೂ ನಿಶ್ಚಯಿಸಿದೆ. ಅನುಭವದಿಂದ ಮನುಷ್ಯ ಎಷ್ಟು ಬೆಳೆಯುತ್ತಾನೆ!

ಮೂರು ತಿಂಗಳಿಗೆ ಮತ್ತೆ ತೋರಿಸಲು ಒಬ್ಬಳೇ ಹೋದೆ. ಬೆಂಚಿನ ಮೇಲೆ ಮುಂಡರಗಿಯ ಕಡೆಯ ನಾಲ್ಕು ಹೆಂಗಸರು, ಎಲ್ಲ ಅಪರಿಚಿತರು. ನಾನು ಎದೆಯುಬ್ಬಿಸಿ ಸ್ಟೂಲಿನ ಮೇಲೆ ಕೂತೆ.

“ಈಗ ಹ್ಯಾಂಗದೀರಿ ಟೀಚರ್?” ಎಂದು ಡಾಕ್ಟರ್ ಕೇಳಿದರು.

ಎಂಟು ಕಣ್ಣುಗಳು ನನ್ನ ಬೆನ್ನಿಗೆ ನೆಟ್ಟವು.

“ಆಕಿ ಈಗ ಭಾಳ ಆರಾಮ ಅದಾಳ್ರಿ” ಎಂದೆ.